ಎಕ್ಸ್‌ಪಾನ್ಷನ್‌ಗೆ ಬೆಲೆ ಕೇಳುವುದು ಸುಲಿಗೆಯೇ?

ಕಂಪ್ಯೂಟರ್ ಸ್ಟ್ರಾಟೆಜಿ ಗೇಮ್‌ಗೆ ಒಮ್ಮೆ ಹಣ ಕೊಟ್ಟವರಿಗೆ ಮುಂದಿನದ್ದೆಲ್ಲ ಪುಕ್ಕಟೆ ಸಿಗಬೇಕು, ಎಕ್ಸ್‌ಪಾನ್ಷನ್ (ಮೂಲ ಆಟಕ್ಕೆ ಆಮೇಲೆ ಸೇರಿಸುವ ಹೆಚ್ಚುವರಿ ಭಾಗ) ಮಾರುವುದು ಸುಲಿಗೆ ಎಂಬುದು ಈಚೆಗೆ ಅಚ್ಚಾದ ಲೇಖನವೊಂದರ ವಾದ. ದಾವಣಗೆರೆ, ಹರಿಹರದ ವಿದ್ಯಾರ್ಥಿಗಳ ಜೇಬಿನ ಬಗ್ಗೆ ಅದರ ಕಾಳಜಿ ಸರಿ, ತೀರ್ಮಾನ ತಪ್ಪು.

1999ರ ‘ಏಜ್ ಆಫ್ ಎಂಪೈರ್ಸ್ 2’ ಆಟವನ್ನೇ ನೋಡಿ. ಅದರ 2019ರ ಹೊಸ ಆವೃತ್ತಿಗೆ 2022ರಲ್ಲಿ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎಂಬ ಎಕ್ಸ್‌ಪಾನ್ಷನ್ ಬಂತು. ಅಲ್ಲಿಯವರೆಗೆ ಇಡೀ ಭಾರತಕ್ಕೆ ‘ಇಂಡಿಯನ್ಸ್’ ಎಂಬ ಒಂದೇ ನಾಗರಿಕತೆ. ಆಮೇಲೆ ದ್ರಾವಿಡರು, ಬಂಗಾಳಿಗಳು, ಗುರ್ಜರರು ಬೇರೆಬೇರೆಯಾಗಿ ನಿಂತರು. ರಾಜೇಂದ್ರ ಚೋಳನ ದಂಡಯಾತ್ರೆಯೂ ಸೇರಿತು. ಇಷ್ಟು ಹಳೆಯ ಆಟಕ್ಕೆ ಈ ಕೆಲಸ ಮಾಡಿದವರ ಸಂಬಳ ಎಲ್ಲಿಂದ ಬರಬೇಕು? ಕೊಳ್ಳದವರ ಆಟವೇನೂ ನಿಲ್ಲಲಿಲ್ಲ. ದೋಷ ತಿದ್ದುವ ಅಪ್‌ಡೇಟ್ ಅವರಿಗೂ ಉಚಿತವೇ.

ಒಟ್ಟಿಗೆ ಆಡಲು ಗೆಳೆಯರೆಲ್ಲ ಎಕ್ಸ್‌ಪಾನ್ಷನ್ ಕೊಳ್ಳಲೇಬೇಕೆಂಬ ಲೇಖನದ ಮಾತೂ ಎಲ್ಲೆಡೆ ನಿಲ್ಲದು. ‘ಯುರೋಪಾ ಯೂನಿವರ್ಸಾಲಿಸ್ 4’ರಲ್ಲಿ ಆಟ ನಡೆಸುವವರೊಬ್ಬರ ಬಳಿ ಎಕ್ಸ್‌ಪಾನ್ಷನ್ ಇದ್ದರೆ ಸಾಕು, ಜೊತೆಗಾರರಿಗೂ ತೆರೆಯುತ್ತದೆ.

ಲೇಖನ ಹಿಡಿಯಬೇಕಿದ್ದ ತಪ್ಪು ಬೇರೆಯೇ ಇದೆ. ಅದೇ ಆಟ 2015ರಲ್ಲಿ, ಪ್ರಾಂತ್ಯಗಳನ್ನು ಬೆಳೆಸುವ ಮೂಲಭೂತ ಅವಕಾಶವನ್ನೇ ‘ಕಾಮನ್ ಸೆನ್ಸ್’ ಎಂಬ ಎಕ್ಸ್‌ಪಾನ್ಷನ್ ಕೊಂಡವರಿಗಷ್ಟೇ ಕೊಟ್ಟಿತು. ಖಂಡಿಸಬೇಕಾದ್ದು ಅದನ್ನು. ಓದುಗರು ಮೊದಲು ಮೂಲ ಆಟ ಆಡಿ ನೋಡಲಿ. ಬೇಕೆನಿಸಿದ್ದನ್ನಷ್ಟೇ ರಿಯಾಯಿತಿ ಬಂದಾಗ ಕೊಳ್ಳಲಿ.