ಸಾಸಿವೆ ದಿಂಬಿಗೆ ನೀರು ಬೇಡ, ಬಿಸಿಲು ಬೇಕು

ಕಳೆದ ವಾರ ಬೀಜ ಮೊಳೆಯುವ ಪಾಠ ಮುಗಿಸಿ ತರಗತಿಯಿಂದ ಹೊರಬರುತ್ತಿದ್ದೆ. ಕೊಳಾರದಿಂದ ಬರುವ ಹುಡುಗಿಯೊಬ್ಬಳು ಹಿಂದೆಯೇ ಬಂದಳು. ‘ಸರ್, ತಮ್ಮಗ ನಮ್ಮ ಆಯಿ ಸಾಸಿವಿ ದಿಂಬು ಹೊಲಿದಾಳ. ಅವ ಅದರ ಮ್ಯಾಲ ಹಾಲು ಕಕ್ಕ್ಯಾನ, ವಾಸನಿ ಬರ್ಲಿಕತ್ತದ. ನೀರಾಗ ಅದ್ದಿ ತೊಳೀಬಹುದೇನ್ರಿ?’

ತೊಳೆಯಬಾರದು. ಕಾರಣ ಅವಳು ಆಗಷ್ಟೇ ಕೇಳಿದ ಪಾಠದಲ್ಲಿಯೇ ಇತ್ತು. ಸಾಸಿವೆ ಕಾಳು ನಿರ್ಜೀವವಲ್ಲ, ಅದರೊಳಗೆ ಭ್ರೂಣ ನಿದ್ರಿಸುತ್ತಿದೆ. ನೀರು, ಗಾಳಿ, ಹದವಾದ ಶಾಖ ದೊರೆತರೆ ಮೊಳೆಯುತ್ತದೆ. ದಿಂಬಿನೊಳಗೆ ಗಾಳಿಯಾಡದ ಕಡೆ ಕೊಳೆತು ಬೂಷ್ಟು ಹಿಡಿಯುತ್ತದೆ. ಜಪಾನಿನಲ್ಲಿ ಬಕ್‌ವೀಟ್ ಎಂಬ ಕಾಳಿನ ಹೊಟ್ಟನ್ನು ದಿಂಬಿಗೆ ತುಂಬುತ್ತಾರೆ. ಹೊಟ್ಟಿನಲ್ಲಿ ಭ್ರೂಣವಿಲ್ಲ, ಅದು ಮೊಳೆಯದು. ಆದರೂ ಅದನ್ನು ತೊಳೆಯದೆ ಬಿಸಿಲಿಗೇ ಹಾಕುತ್ತಾರೆ. ಎರಡಕ್ಕೂ ತೇವವೇ ಶತ್ರು. ಹಾಸಿಗೆಯ ಧೂಳಿನಲ್ಲಿರುವ ಸೂಕ್ಷ್ಮ ನುಸಿಗಳೂ ಗಾಳಿಯ ತೇವವನ್ನು ಹೀರಿಯೇ ಬದುಕುತ್ತವೆ. ಅವುಗಳಿಂದ ಕೆಲವರಿಗೆ ಸೀನು, ಉಬ್ಬಸ ಬರುತ್ತದೆ.

ಹಾಗಾದರೆ ಸ್ವಚ್ಛಗೊಳಿಸುವುದು ಹೇಗೆ? ಒಂದು ಬದಿಯ ಹೊಲಿಗೆ ಬಿಚ್ಚಿ ಕಾಳನ್ನು ಮೊರಕ್ಕೆ ಸುರಿಯಿರಿ. ಹಾಲು ತಾಗಿ ಗಂಟಾದ ಕಾಳು, ಕಮಟು ವಾಸನೆಯ ಕಾಳು ತೆಗೆದುಹಾಕಿ. ಸಾಸಿವೆಯಲ್ಲಿ ಎಣ್ಣೆ ಹೆಚ್ಚು, ಹಳೆಯದಾದಂತೆ ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಕಮಟಾಗುತ್ತದೆ. ಉಳಿದದ್ದನ್ನು ಜರಡಿ ಹಿಡಿದು, ಕೇರಿ, ತೆಳ್ಳಗೆ ಹರಡಿ ಒಣಗಿಸಿ. ಚೀಲವನ್ನು ಮಾತ್ರ 60 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ಬಿಸಿನೀರಿನಲ್ಲಿ ತೊಳೆಯಿರಿ. ಆ ಶಾಖದಲ್ಲಿ ನುಸಿ ಉಳಿಯುವುದಿಲ್ಲ.

ಕಾಳು ಒಣಗಿತೇ? ಮಾಡಿ ನೋಡಿ. ಒಣ ಗಾಜಿನ ಶೀಶೆಗೆ ಒಂದು ಹಿಡಿ ಕಾಳು, ಒಂದು ಚಮಚ ಒಣ ಉಪ್ಪು ಹಾಕಿ ಮುಚ್ಚಿ, ಚೆನ್ನಾಗಿ ಅಲುಗಾಡಿಸಿ, ಸ್ವಲ್ಪ ಹೊತ್ತು ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಕಾಳಿನಲ್ಲಿ ಇನ್ನೂ ತೇವವಿದೆ. ಪರೀಕ್ಷೆಗೆ ಬಳಸಿದ ಕಾಳನ್ನು ಮರಳಿ ತುಂಬಬೇಡಿ. ಉಪ್ಪು ತೇವವನ್ನು ಎಳೆಯುತ್ತದೆ.

ಪಾಲಕರಿಗೆ ಇನ್ನೊಂದು ಮಾತು. ಮಗುವಿನ ತಲೆ ದುಂಡಗಾಗಲಿ ಎಂಬುದು ಹಿರಿಯರ ಆಸೆ, ಅದರಲ್ಲಿ ಪ್ರೀತಿಯಿದೆ. ಆದರೆ ಒಂದು ವರ್ಷದೊಳಗಿನ ಮಗುವಿಗೆ ಯಾವ ದಿಂಬೂ ಬೇಡ ಎಂಬುದು ಇಂದಿನ ವೈದ್ಯರ ಸಲಹೆ. ಮೂಗು ಬಾಯಿ ಮುಚ್ಚಿ ಉಸಿರು ಕಟ್ಟಬಹುದು. ಹೊಲಿಗೆ ಬಿಟ್ಟರೆ ಕಾಳು ಗಂಟಲಿಗೆ ಹೋಗಬಹುದು. ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಿ. ತಲೆಯ ದಿಕ್ಕನ್ನು ಆಗಾಗ ಬದಲಿಸಿ. ಮಗು ಎಚ್ಚರವಿದ್ದಾಗ, ನಿಮ್ಮ ಕಣ್ಣೆದುರಿನಲ್ಲಿಯೇ, ಸ್ವಲ್ಪ ಹೊತ್ತು ಬೋರಲು ಮಲಗಿಸಿ. ಸಾಮಾನ್ಯವಾಗಿ ಚಪ್ಪಟೆ ತಲೆ ಕ್ರಮೇಣ ಸರಿಹೋಗುತ್ತದೆ. ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಮರುದಿನ ಹುಡುಗಿಯನ್ನು ಕೇಳಿದೆ: ‘ಆಯಿ ಸಿಟ್ಟಾದರೇನು?’

‘ಮೊದಲ ಸಿಟ್ಟಾದಳ್ರಿ. ಆಮ್ಯಾಲ ತಾನೇ ಕಾಳು ಕೇರಿ ಒಣಗಿಸಿದಳು. ಈಗ ಆ ದಿಂಬು ತನ್ನ ಮೊಣಕಾಲ ಕೆಳಗ ಇಟ್ಕೊಂಡು ಮಲಗ್ತಾಳ.’