ಕ್ಯಾಪ್ಸೂಲಿನ ಕವಚ ಯಾವುದರದು? ಯಂತ್ರ ಹೇಳಬಲ್ಲದು, ಲೇಬಲ್ ಹೇಳುವುದಿಲ್ಲ



ಬಿಸ್ಕತ್ತಿನ ಪೊಟ್ಟಣವನ್ನು ನಾವು ಹಸಿರು ಚುಕ್ಕೆ ನೋಡಿಯೇ ಕೊಳ್ಳುತ್ತೇವೆ. ಔಷಧಿ ಅಂಗಡಿಯಲ್ಲಿ ಆ ಅನುಕೂಲ ಇಲ್ಲ. ಜೀವರಕ್ಷಕವಲ್ಲದ ಔಷಧಗಳಿಗೂ ಸಸ್ಯಾಹಾರ–ಮಾಂಸಾಹಾರದ ಗುರುತು ಬೇಕೆಂದು ದೆಹಲಿ ಹೈಕೋರ್ಟ್ ನೀಡಿದ್ದ ತೀರ್ಪನ್ನು 2013ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು.

ಹೆಚ್ಚಿನ ಕ್ಯಾಪ್ಸೂಲುಗಳ ಕವಚ ಜೆಲಟಿನ್. ದನ, ಹಂದಿ, ಮೀನು ಮುಂತಾದವುಗಳ ಎಲುಬು, ಚರ್ಮದಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನಿಂದ ಅದನ್ನು ತೆಗೆಯುತ್ತಾರೆ. ಸಸ್ಯಮೂಲದ ಎಚ್‌ಪಿಎಂಸಿ ಕವಚವೂ ಉಂಟು. ಕಣ್ಣಿಗೆ ಎರಡೂ ಒಂದೇ.

ವ್ಯತ್ಯಾಸ ಹೇಳುವುದು ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಅಣುಗಳನ್ನು ತೂಗುವ ತಕ್ಕಡಿ. ಮೊದಲು ಟ್ರಿಪ್ಸಿನ್ ಎಂಬ ಕಿಣ್ವ ಪ್ರೋಟೀನನ್ನು ಪೆಪ್ಟೈಡ್ ಎಂಬ ತುಂಡುಗಳಾಗಿ ಕತ್ತರಿಸುತ್ತದೆ. ಯಂತ್ರ ಪ್ರತಿ ತುಂಡನ್ನು ತೂಗಿ, ಮತ್ತೆ ಒಡೆದು, ಚೂರುಗಳ ತೂಕದ ಅಂತರ ಲೆಕ್ಕ ಹಾಕುತ್ತದೆ. ಅಂತರ 57 ಇದ್ದರೆ ಗ್ಲೈಸಿನ್, 71 ಇದ್ದರೆ ಅಲನಿನ್. ಹೀಗೆ ಅಮೈನೋ ಆಮ್ಲಗಳ ಸಾಲು ಓದಬಹುದು. ದನ ಮತ್ತು ಹಂದಿಯ ಕೊಲಾಜೆನ್‌ನಲ್ಲಿ ಈ ಸಾಲು ಕೆಲವೆಡೆ ಬೇರೆ; ಗುರುತು ಸಿಗುವುದು ಅಲ್ಲೇ. ಎಚ್‌ಪಿಎಂಸಿಯಲ್ಲಿ ಪ್ರೋಟೀನೇ ಇಲ್ಲ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಜೊತೆ ಸೇರಿ 2014ರಲ್ಲಿ ಮಾನವ ಪ್ರೋಟೀನುಗಳ ಕರಡು ನಕ್ಷೆ ಪ್ರಕಟಿಸಿತು. 17,294 ಜೀನ್‌ಗಳ ಪ್ರೋಟೀನುಗಳನ್ನು ಈ ವಿಧಾನದಲ್ಲೇ ಗುರುತಿಸಲಾಯಿತು. ನಮ್ಮ ಅಲೆವೂರಿಗೆ ದೂರವಲ್ಲದ ಮಂಗಳೂರಿನ ಯೇನೆಪೋಯ ವಿಶ್ವವಿದ್ಯಾಲಯದಲ್ಲೂ ಇಂಥ ಸಂಶೋಧನೆ ನಡೆಯುತ್ತಿದೆ.

ಮಿತಿಯೂ ಉಂಟು. ಮಾತ್ರೆಯಲ್ಲಿ ಬಳಸುವ ಮೆಗ್ನೀಸಿಯಂ ಸ್ಟಿಯರೇಟ್ ಪ್ರಾಣಿಯದೋ ಸಸ್ಯದ್ದೋ ಎಂದು ಪೆಪ್ಟೈಡ್ ಪರೀಕ್ಷೆ ಹೇಳದು, ಅದು ಪ್ರೋಟೀನಲ್ಲ. ತುಪ್ಪದ ಕಲಬೆರಕೆಗೂ ಕೊಬ್ಬಿನ ಪರೀಕ್ಷೆಯೇ ಬೇಕು. ಆದ್ದರಿಂದ ವಾಟ್ಸಾಪ್‌ನಲ್ಲಿ ಬರುವ "ಲ್ಯಾಬ್ ವರದಿ" ನಂಬುವ ಮೊದಲು ಯಾವ ಪರೀಕ್ಷೆ ಎಂದು ಕೇಳಿ.

ಮನೆಮನೆಯವರು ಲ್ಯಾಬಿಗೆ ಹೋಗಲಾಗದು. ಸ್ಟ್ರಿಪ್‌ನ ಹಿಂಬದಿ ಓದಿ: "ಹಾರ್ಡ್ ಜೆಲಟಿನ್", "ಸಾಫ್ಟ್ ಜೆಲಟಿನ್" ಎಂದು ಎಷ್ಟೋ ಕಡೆ ಬರೆದಿರುತ್ತದೆ. ಬದಲಿ ಮಾತ್ರೆ ಅಥವಾ ಸಿರಪ್ ಉಂಟೇ ಎಂದು ವೈದ್ಯರನ್ನೇ ಕೇಳಿ. ಅವರನ್ನು ಕೇಳದೆ ಔಷಧಿ ನಿಲ್ಲಿಸಬೇಡಿ, ಕ್ಯಾಪ್ಸೂಲ್ ಬಿಚ್ಚಿ ಪುಡಿ ನುಂಗಬೇಡಿ.

ಬಾಕಿ ಕೆಲಸ ಸರ್ಕಾರದ್ದು. ತಯಾರಕರು ಬರೆದದ್ದು ನಿಜವೇ ಎಂದು ಪರೀಕ್ಷಿಸುವ ವಿದ್ಯೆ ಇದೆ. ಬರೆಯಲೇಬೇಕೆಂಬ ನಿಯಮ ಇಲ್ಲ. ನಮ್ಮ ಸಂಘಟನೆಗಳು ಮನವಿ ಕೊಡುವಾಗ ಈ ಒಂದು ಮಾತನ್ನು ಸ್ಪಷ್ಟವಾಗಿ ಕೇಳಲಿ.