ಕಣ್ಣಾರೆ ಕಂಡದ್ದೂ ಸುಳ್ಳಾದಾಗ
2024ರ ಜನವರಿ. ಸಿಡ್ನಿಯ ಒಪೇರಾ ಹೌಸ್‌ಗೆ ಎಂಜಿನಿಯರಿಂಗ್ ವಿನ್ಯಾಸ ಮಾಡಿಕೊಟ್ಟ ಬ್ರಿಟನ್ನಿನ ಅರೂಪ್ ಕಂಪನಿಯ ಹಾಂಗ್‌ಕಾಂಗ್ ಕಚೇರಿ. ಗುಟ್ಟಾಗಿ ಹಣ ವರ್ಗಾಯಿಸಬೇಕೆಂದು ಮುಖ್ಯ ಹಣಕಾಸು ಅಧಿಕಾರಿಯ ಹೆಸರಿನಲ್ಲಿ ಅಲ್ಲಿನ ನೌಕರರೊಬ್ಬರಿಗೆ ಸಂದೇಶ ಬಂತು. ಮೊದಲು ಅವರಿಗೆ ಅನುಮಾನವೇ ಹುಟ್ಟಿತ್ತು. ಆದರೆ ಆಮೇಲಿನ ವಿಡಿಯೊ ಸಭೆಯಲ್ಲಿ ಆ ಅಧಿಕಾರಿಯೂ ಪರಿಚಿತ ಸಹೋದ್ಯೋಗಿಗಳೂ ಕಂಡರು, ಮಾತಾಡಿದರು, ಅನುಮಾನ ಕರಗಿತು. ಹದಿನೈದು ಕಂತುಗಳಲ್ಲಿ 20 ಕೋಟಿ ಹಾಂಗ್‌ಕಾಂಗ್ ಡಾಲರ್, ಎಂದರೆ 200 ಕೋಟಿ ರೂಪಾಯಿಗೂ ಹೆಚ್ಚು, ಕೈತಪ್ಪಿ ಹೋಯಿತು. ಸಭೆಯಲ್ಲಿ ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಡೀಪ್‌ಫೇಕ್, ಎಂದರೆ ಕೃತಕ ಬುದ್ಧಿಮತ್ತೆ ಸೃಷ್ಟಿಸಿದ ನಕಲಿ ಮುಖ, ದನಿಯ ಬೊಂಬೆಗಳು! ಇದು ದಡ್ಡತನವಲ್ಲ, ಕಣ್ಣು, ಕಿವಿಗಳನ್ನು ನಂಬುವುದು ಮನುಷ್ಯ ಸ್ವಭಾವ. ಖಾಕಿ ತೊಟ್ಟು ವಿಡಿಯೊ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವ ಭಾರತದ ವಂಚಕರ ಬಂಡವಾಳವೂ ಅದೇ ನಂಬಿಕೆ. ಅಂಥ ಬಂಧನ ಕಾನೂನಿನಲ್ಲೇ ಇಲ್ಲ. ಕರೆ ಕಡಿದು, ಮೊದಲೇ ಗೊತ್ತಿರುವ ನಂಬರಿಗೆ ತಾವೇ ಫೋನ್ ಮಾಡಿ ವಿಚಾರಿಸುವುದೇ ದೊಡ್ಡ ರಕ್ಷಣೆ. ಅರೂಪ್ ನೌಕರರಿಗೆ ಮೋಸ ತಿಳಿದದ್ದೂ ಪ್ರಧಾನ ಕಚೇರಿಯನ್ನು ಕೇಳಿದಾಗಲೇ, ಹಣ ಹೋದ ಮೇಲೆ. ಮೋಸಹೋದವರು ದಯವಿಟ್ಟು ನಾಚಿಕೆಪಟ್ಟು ಕೂರಬೇಡಿ, ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ: ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಯಲು ಸಿಗುವ ಸಮಯ ಬಹಳ ಕಡಿಮೆ.